ಕಾರ್ಖಾನೆ ಕಡೇಚೂರಿನಲ್ಲಿ, ಮನೆ ಮತ್ತೆಲ್ಲೋ

ರಾಯಚೂರಿನಿಂದ ಯಾದಗಿರಿ ಕಡೆ ಹೊರಟ ರೈಲು ಕೃಷ್ಣಾ ನದಿಯ ಸೇತುವೆ ದಾಟಿದರೆ ತೆಲಂಗಾಣ. ಅಲ್ಲೊಂದು ಸ್ಟೇಷನ್, ಅದರ ಹೆಸರೂ ಕೃಷ್ಣಾ. ಸೈದಾಪುರಕ್ಕೆ ಬರುವಷ್ಟರಲ್ಲಿ ಮತ್ತೆ ಕರ್ನಾಟಕ. ಸೈದಾಪುರದಲ್ಲಿಳಿದು ಕಡೇಚೂರಿಗೆ ಹೋಗುವವರಲ್ಲಿ ಈಗ ಎರಡು ಬಗೆ. ಬುತ್ತಿ ಚೀಲ ಹಿಡಿದು ಕಾರ್ಖಾನೆಯ ಪಾಳಿಗೆ ಹೋಗುವವರು ಕೆಲವರು, ಊರಿನವರು ಮತ್ತು ಊರಿನ ನೆಂಟರು ಉಳಿದವರು. ಪಾಳಿ ಮುಗಿದ ಮೇಲೆ ಮೊದಲಿನವರು ಬಂದ ದಾರಿ ಹಿಡಿಯುತ್ತಾರೆ. ಕಡೇಚೂರು ಈಗ ಏನಾಗಿದೆ ಎಂದು ತಿಳಿಯಲು ಅವರು ರಾತ್ರಿ ಎಲ್ಲಿ ಮಲಗುತ್ತಾರೆ ಎಂದು ಕೇಳಿದರೆ ಸಾಕು.

ಯಾದಗಿರಿ ರಾಜ್ಯದ 30ನೇ ಜಿಲ್ಲೆಯಾಗಿ ಹುಟ್ಟಿದ ಮರುವರ್ಷಗಳಲ್ಲೇ ಕಡೇಚೂರು ಮತ್ತು ಬಾಡಿಯಾಳದ ಮೂರು ಸಾವಿರಕ್ಕೂ ಹೆಚ್ಚು ಎಕರೆ ಜಮೀನನ್ನು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ವಶಕ್ಕೆ ತೆಗೆದುಕೊಂಡಿತು. ಮಲ್ಲಿಕಾರ್ಜುನ ಖರ್ಗೆಯವರು ರೈಲ್ವೆ ಸಚಿವರಾಗಿದ್ದಾಗ ಇಲ್ಲಿಗೆ ರೈಲು ಬೋಗಿಗಳ ಚೌಕಟ್ಟು ತಯಾರಿಸುವ ಕಾರ್ಖಾನೆ ಮಂಜೂರಾಗಿ, 2014ರಲ್ಲಿ ಅಡಿಗಲ್ಲು ಬಿತ್ತು, 2017ರಲ್ಲಿ ಉದ್ಘಾಟನೆಯಾಯಿತು. ಅದರ ಹಿಂದೆಯೇ ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳು ಬಂದವು. ಹೈದರಾಬಾದ್ ಹತ್ತಿರ, ರೈಲು ಹತ್ತಿರ, ಜಾಗ ಸಾಕಷ್ಟು. 2011ರ ಜನಗಣತಿಯಲ್ಲಿ ಸಾಕ್ಷರತೆಯಲ್ಲಿ ಇಡೀ ರಾಜ್ಯದ ಕೊನೆಯ ಸ್ಥಾನದಲ್ಲಿದ್ದ ಜಿಲ್ಲೆಗೆ, ಬೇಸಿಗೆ ಬಂತೆಂದರೆ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೊರಡುವ ಜನಕ್ಕೆ ಇದು ದೊಡ್ಡ ಆಸೆಯೇ. ಕೆಲಸ ಎಷ್ಟು ಸಿಕ್ಕಿತು ಎಂಬ ಜಗಳ ಇನ್ನೂ ಮುಗಿದಿಲ್ಲ. ಜಮೀನು ಕೊಟ್ಟ ಮನೆಯ ಹುಡುಗನ ಕೈಗೆ ಗುತ್ತಿಗೆದಾರನ ಕೆಳಗಿನ ದಿನಗೂಲಿ, ಹೊರಗಿನವನಿಗೆ ಕಾಯಂ ಕುರ್ಚಿ ಎಂಬ ದೂರು ಈ ಭಾಗದ ಪ್ರತಿ ಸಭೆಯಲ್ಲೂ ಕೇಳಿಬರುತ್ತದೆ.

ಆ ಜಗಳದ ಗದ್ದಲದಲ್ಲಿ ಮನೆಯ ವಿಷಯ ಹಿಂದೆ ಬಿದ್ದಿದೆ. ಇದೇ ಜಿಲ್ಲೆಯಲ್ಲಿ, ಶಹಾಪುರದ ಮಗ್ಗುಲಲ್ಲಿ, ಭೀಮರಾಯನಗುಡಿ ಇದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆ ಕೆಲಸಕ್ಕೆ ಬಂದ ಎಂಜಿನಿಯರು, ಗುಮಾಸ್ತ, ಡ್ರೈವರುಗಳಿಗಾಗಿ ಸರ್ಕಾರವೇ ಕಟ್ಟಿದ ಕಾಲೊನಿ ಅದು. ಸಾಲು ಮನೆ, ಶಾಲೆ, ದವಾಖಾನೆ, ಅಗಲ ರಸ್ತೆ, ರಸ್ತೆ ಬದಿಗೆ ನೆರಳು. ಈಗ ಅಲ್ಲೊಂದು ಕೃಷಿ ಕಾಲೇಜೂ ಇದೆ. ಇತ್ತ ಹೊಳೆಯಾಚೆ, ರಾಯಚೂರು ಜಿಲ್ಲೆಯ ದಂಡೆಯಲ್ಲಿ, 1985ರಲ್ಲಿ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ ಶುರುವಾದಾಗ ಅದರ ಜೊತೆಗೇ ಶಕ್ತಿನಗರ ಎಂಬ ಊರೇ ಎದ್ದಿತು. ಅಂದರೆ ದುಡಿಯಲು ಕರೆದವರಿಗೆ ಇರಲು ಮನೆ ಕೊಡಬೇಕು ಎನ್ನುವ ವಿಚಾರ ಈ ಸೀಮೆಗೆ ಹೊಸದಲ್ಲ. ಕಡೇಚೂರಿನಲ್ಲಿ ಮೂರು ಸಾವಿರ ಎಕರೆ ಹಿಡಿದ ಮೇಲೂ ಅಂಥ ಪೂರ್ತಿ ಊರೊಂದು ಎದ್ದಿಲ್ಲ. ಮನೆಯ ಹೊಣೆಯನ್ನು ಸುತ್ತಲಿನ ಊರುಗಳ ಮೇಲೆ ಹೊರಿಸಿ ಸುಮ್ಮನಾದಂತಿದೆ.

ಹೊರೆಯ ಮೊದಲ ಪಾಲು ಹೋಬಳಿ ಕೇಂದ್ರವಾದ ಸೈದಾಪುರಕ್ಕೆ. ಹಿಂದೆ ಇಲ್ಲಿ ಬಾಡಿಗೆ ಮನೆ ಕೇಳುತ್ತಿದ್ದವರು ಮಾಸ್ತರರು, ಬ್ಯಾಂಕಿನವರು, ರೈಲ್ವೆಯವರು. ಈಗ ಮನೆಯ ಹಿತ್ತಲಿಗೆ ಒಂದು ಗೋಡೆ ಎಬ್ಬಿಸಿ, ಮೇಲೆ ಪತ್ರಾ ಹೊದಿಸಿ, ಒಂದಕ್ಕೊಂದು ಅಂಟಿದ ಖೋಲಿಗಳನ್ನು ಹಾಕಿಸುವುದು ಒಂದು ಸಣ್ಣ ಕಸುಬೇ ಆಗಿದೆ. ಉತ್ತರದ ರಾಜ್ಯಗಳಿಂದ ಬಂದ ಹುಡುಗರು ಒಂದು ಖೋಲಿಯಲ್ಲಿ ನಾಲ್ಕೈದು ಮಂದಿ ಸೇರಿಕೊಳ್ಳುತ್ತಾರೆ. ಪಾಳಿ ಬೇರೆ ಬೇರೆಯಾದ್ದರಿಂದ ಒಬ್ಬ ಎದ್ದ ಹಾಸಿಗೆಗೆ ಇನ್ನೊಬ್ಬ. ತಲೆಗಿಷ್ಟು ಎಂದು ಬಾಡಿಗೆ ಬಂದರೆ ಮಾಲೀಕನಿಗೆ ಲಾಭ. ಸಂಸಾರಸ್ಥರಿಗೆ ಮಾತ್ರ ತೊಂದರೆ. "ಮನಿ ಖಾಲಿ ಅದ ಏನ್ರಿ?" ಎಂದು ಕೇಳಿಕೊಂಡು ಬಂದ ನರ್ಸಮ್ಮನೋ ಗ್ರಾಮ ಆಡಳಿತಾಧಿಕಾರಿಯೋ ನಾಲ್ಕು ಹುಡುಗರು ಕೊಡುವಷ್ಟು ಕೊಡಬೇಕು, ಇಲ್ಲವೇ ಯಾದಗಿರಿಯಿಂದ ದಿನಾ ಓಡಾಡಬೇಕು.

ಜಮೀನಿನ ಲೆಕ್ಕ ಇದಕ್ಕಿಂತ ಕಟುವಾದದ್ದು. ರೈತ ಕೊಟ್ಟದ್ದು ಎಕರೆ ಲೆಕ್ಕದಲ್ಲಿ. ಊರಲ್ಲಿ ಮನೆಗೆ ಜಾಗ ಕೊಳ್ಳಬೇಕಾದದ್ದು ಚದರ ಅಡಿ ಲೆಕ್ಕದಲ್ಲಿ. ಒಂದು ಎಕರೆಗೆ 40 ಗುಂಟೆ, ಅಂದರೆ 43,560 ಚದರ ಅಡಿ. ಬರೀ ಕಾಗದದ ಮೇಲೆ ಭಾಗಿಸಿದರೆ 30×40ರ 36 ಸೈಟು. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯಕ್ಕೆಂದು ಬಿಟ್ಟ ಮೇಲೆ ಇಪ್ಪತ್ತರ ಆಸುಪಾಸು. ಪರಿಹಾರದ ಹಣ ಕೈಯಲ್ಲಿ ಹಿಡಿದು ಯಾದಗಿರಿಯ ಲೇಔಟಿಗೆ ಹೋದ ರೈತ ತಾನು ಬಿಟ್ಟುಕೊಟ್ಟ ಹೊಲ ಅಲ್ಲಿ ಎಷ್ಟು ಸೈಟಿಗೆ ಸಮ ಎಂದು ಬೆರಳೆಣಿಸಿದರೆ ಉಳಿದ ಬೆರಳುಗಳೇ ಹೆಚ್ಚು. ಅದಕ್ಕೇ ಹಲವರು ಎನ್‌ಎ (ಕೃಷಿಯೇತರ) ಆಗದ ಹೊಲದಲ್ಲಿ ಒಂದೂವರೆ, ಎರಡು ಗುಂಟೆಯನ್ನು ಬಾಂಡ್ ಪೇಪರಿನ ಮೇಲೆ ಖರೀದಿಸುತ್ತಾರೆ. ಅಗ್ಗ, ನಿಜ. ಆದರೆ ಆ ಕಾಗದ ಹಿಡಿದು ಹೋದರೆ ಪಂಚಾಯಿತಿಯಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11 ಹುಟ್ಟುವುದಿಲ್ಲ. ಅವಿಲ್ಲದೆ ಬ್ಯಾಂಕ್ ಸಾಲವಿಲ್ಲ. ಮನೆ ಕಟ್ಟಬೇಕಾದರೆ ಕೈಗಡವೇ ಗತಿ. ಸರಿಯಾದ ಸೈಟಿಗೆ ಖರ್ಚು ಇನ್ನೂ ಏರಿದೆ: 2025ರ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕವೇ ಶೇ 1ರಿಂದ ಶೇ 2ಕ್ಕೆ ಹೋಗಿದೆ.

ಇದೇ ಜಿಲ್ಲೆಯ ಮೂರು ಹಳೆಯ ಪಟ್ಟಣಗಳಲ್ಲಿ ಮನೆಯ ಖರ್ಚು ಮೂರು ಥರ. ಯಾದಗಿರಿಯದು ಕೋಟೆಯ ಬುಡದಲ್ಲಿ ಹಳೆ ಊರು, ಮುಂಬೈ–ಚೆನ್ನೈ ರೈಲು ಮಾರ್ಗದ ಸ್ಟೇಷನ್, ಮೇಲೆ ಜಿಲ್ಲಾ ಕಚೇರಿಗಳು, ಈಚೆಗೆ ವೈದ್ಯಕೀಯ ಕಾಲೇಜು. ಅಧಿಕಾರಿ ವರ್ಗ ಬಂದ ಕಡೆ ಬಾಡಿಗೆ ಇಳಿಯುವುದಿಲ್ಲ. ಶಹಾಪುರದ ದುಡ್ಡು ನಾರಾಯಣಪುರ ಎಡದಂಡೆ ಕಾಲುವೆಯಿಂದ ಬಂದದ್ದು. ಭತ್ತ, ಹತ್ತಿ, ಮೆಣಸಿನಕಾಯಿ ಮಾರಿದ ರೈತ ಪೇಟೆಯಲ್ಲಿ ಒಂದು ಪ್ಲಾಟು ಹಿಡಿದಿಡುತ್ತಾನೆ, ಮಕ್ಕಳ ಓದಿಗೆ ಅಂತ. ಎರೆ ಮಣ್ಣಿದ್ದ ಕಡೆ ಕಟ್ಟುವವನ ಜೀವ ಪಾಯದಲ್ಲೇ ಅರ್ಧ ಹೋಗುತ್ತದೆ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಾಯ್ಬಿಡುವ ನೆಲ ಅದು. ಗಟ್ಟಿ ಗರಸು ಸಿಗುವ ತನಕ ಅಗೆಯದೆ ಗೋಡೆ ಎಬ್ಬಿಸಿದರೆ ಎರಡನೇ ಬೇಸಿಗೆಗೆ ಕಿಟಕಿಯ ಮೂಲೆಯಿಂದ ಸೀಳು ಓಡುತ್ತದೆ. ಅನುಭವಸ್ಥ ಗೌಂಡಿ ಸೈಟಿಗೆ ಬಂದವನೇ ಮೊದಲು ನೋಡುವುದು ಪಕ್ಕದ ಮನೆಯ ಗೋಡೆಯನ್ನು. ಸಿಮೆಂಟು ದೂರದಿಂದ ಬರಬೇಕಾಗಿಲ್ಲ, ವಾಡಿ, ಸೇಡಂ ಪಕ್ಕದಲ್ಲೇ. ನೆಲಕ್ಕೆ ಹಾಸುವ ಶಹಾಬಾದಿನ ಫರಸಿಯೂ ನೆರೆ ಜಿಲ್ಲೆಯದು. ಅವುಗಳಲ್ಲಿ ಉಳಿಸಿದ್ದನ್ನೆಲ್ಲ ಪಾಯ ನುಂಗುತ್ತದೆ.

ಸುರಪುರದಲ್ಲಿ ಇದರ ತಿರುವು ಮುರುವು. ಗುಡ್ಡದ ಬಂಡೆಗಳ ನಡುವೆ ನಾಯಕ ಅರಸರು ಕಟ್ಟಿದ ಊರಾದ್ದರಿಂದ ಪಾಯದ ಚಿಂತೆ ಇಲ್ಲ, ನೀರು ಮೇಲೇರಿಸುವ ಚಿಂತೆ. 1844ರಲ್ಲಿ ಬ್ರಿಟಿಷ್ ಅಧಿಕಾರಿ ಟೇಲರ್ ಸಾಹೇಬ ತನ್ನ ಬಂಗಲೆ ‘ಮಂಜಿಲ್’ ಕಟ್ಟಿಸಲು ಊರಿನಾಚೆಯ ಗುಡ್ಡದ ನೆತ್ತಿಯನ್ನು ಆರಿಸಿಕೊಂಡ, ಗಾಳಿಗಾಗಿ ಇರಬೇಕು. ನೀರು ಹೊರುವವರು ಅವನಿಗಿದ್ದರು. ಇಂದಿನ ಸಂಸಾರಸ್ಥರು ಕೆಳಗಿನ ರಂಗಂಪೇಟೆ, ತಿಮ್ಮಾಪುರದ ಕಡೆ ಇಳಿದಿದ್ದಾರೆ. ನಗರಸಭೆ ಒಂದೇ ಆದರೂ ಹಳೆ ಊರಿಗೂ ಈ ಪೇಟೆಗಳಿಗೂ ಮನೆಯ ಠೀವಿ ಬೇರೆ, ಬಾಡಿಗೆ ಬೇರೆ.

ಗಡಿಯಾಚೆಯ ಹೋಲಿಕೆ ಕಡೇಚೂರಿನವರಿಗೆ ಇನ್ನೂ ಹತ್ತಿರದ್ದು, ಇನ್ನೂ ಚುಚ್ಚುವಂಥದ್ದು. ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಇಂದಿಗೂ ಮನೆಮಾತು ಕನ್ನಡ; ಹೆಣ್ಣು ಕೊಡುವುದು ತರುವುದು ಎರಡೂ ಕಡೆ ನಡೆಯುತ್ತದೆ. 2019ರಲ್ಲಿ ಆ ಮಂಡಲ ನಾರಾಯಣಪೇಟೆ ಜಿಲ್ಲೆಗೆ ಸೇರಿತು. ತೆಲಂಗಾಣ ಸರ್ಕಾರದ ಇಂದಿರಮ್ಮ ಮನೆ ಯೋಜನೆಯಲ್ಲಿ ಸ್ವಂತ ಜಾಗವಿದ್ದವರಿಗೆ ಮನೆ ಕಟ್ಟಿಕೊಳ್ಳಲು 5 ಲಕ್ಷ ರೂಪಾಯಿ. 2025ರ ಫೆಬ್ರುವರಿಯಲ್ಲಿ ಅಲ್ಲಿನ ಮುಖ್ಯಮಂತ್ರಿ ಅದಕ್ಕೆ ಅಡಿಗಲ್ಲಿಟ್ಟದ್ದೂ ಇದೇ ನಾರಾಯಣಪೇಟೆ ಜಿಲ್ಲೆಯ ಹಳ್ಳಿಯೊಂದರಲ್ಲಿ. ನಮ್ಮ ಕಡೆ ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಫಲಾನುಭವಿಗೆ ಬಯಲು ಸೀಮೆಯ ದರ 1.20 ಲಕ್ಷ. ಕಬ್ಬಿಣದ ಬೆಲೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ತವರಿಗೆ ಬಂದ ಮಗಳು ಅಲ್ಲಿ ಸ್ಲ್ಯಾಬ್ ಬಿದ್ದ ಸುದ್ದಿ ಹೇಳಿದರೆ, ಇಲ್ಲಿ ಅಣ್ಣನ ಮನೆ ಲಿಂಟಲ್ ಮಟ್ಟದಲ್ಲಿ ನಿಂತಿರುತ್ತದೆ. ಎಲ್ಲ ಯೋಜನೆಯಲ್ಲೂ ಆಚೆಯೇ ಮೇಲು ಎಂದೇನಲ್ಲ; 200 ಯೂನಿಟ್ ತನಕ ಉಚಿತ ಕರೆಂಟಿಗೆ ಎರಡೂ ರಾಜ್ಯ ಇಟ್ಟಿರುವ ಹೆಸರು ಸಹ ಒಂದೇ, ಗೃಹಜ್ಯೋತಿ.

ಯಾವ ಬಾಡಿಗೆ ಕರಾರಿನಲ್ಲೂ ಬರೆಯದ ಒಂದು ಖರ್ಚನ್ನು ಕಡೇಚೂರು, ಶೆಟ್ಟಿಹಳ್ಳಿ, ಸೈದಾಪುರದವರು ಕಟ್ಟುತ್ತಿದ್ದಾರೆ. ರಾತ್ರಿ ಹೊತ್ತು ರಾಸಾಯನಿಕ ಕಾರ್ಖಾನೆಗಳ ಕಡೆಯಿಂದ ಬರುವ ನಾತ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಈ ಸೀಮೆಯಲ್ಲಿ ಮನೆ ಅಂದರೆ ಗೋಡೆಯೊಳಗಿನ ಜಾಗ ಅಷ್ಟೇ ಅಲ್ಲ, ಮಾಳಿಗೆಯೂ ಅಂಗಳವೂ ಸೇರಿ. ರಾತ್ರಿ ಮಲಗುವುದು ಅಲ್ಲೇ. ನಾತ ಎದ್ದ ರಾತ್ರಿ ಹಾಸಿಗೆ ಸುತ್ತಿಕೊಂಡು ಒಳಗೆ ಬಂದು ಕಿಟಕಿ ಮುಚ್ಚಬೇಕು; ಮುಚ್ಚಿದರೆ ಸೆಕೆ, ತೆರೆದರೆ ಕೆಮ್ಮು. ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರುಗಳು ಹೋಗಿವೆ, ಪ್ರತಿಭಟನೆಗಳು ನಡೆದಿವೆ. ಕೂಲರ್ ಕೊಂಡವನಿಗೆ ಕೂಲರಿನ ಖರ್ಚು, ಯಾದಗಿರಿಯಲ್ಲಿ ಮನೆ ಮಾಡಿದವನಿಗೆ ಅಲ್ಲಿನ ಬಾಡಿಗೆ. ಎರಡೂ ಆಗದವನು ಇಲ್ಲೇ ಮಲಗುತ್ತಾನೆ. ಕೈಗಾರಿಕೆಯ ಲಾಭದ ಲೆಕ್ಕ ಹೇಳುವವರು ಈ ಬಾಬತ್ತನ್ನೂ ಸೇರಿಸಿ ಕೂಡಬೇಕು ಎಂಬುದು ನನ್ನ ಅಭಿಪ್ರಾಯ.

ಈಗ ಎರಡನೇ ಹಂತಕ್ಕೆ ಇನ್ನಷ್ಟು ಜಮೀನು ಬೇಕೆಂಬ ಮಾತು ಎದ್ದು, ರೈತರು ವಿರೋಧಿಸಿದ್ದಾರೆ. ಇದರ ಬಿಸಿ ಪ್ಲಾಟಿನ ದಲ್ಲಾಳಿಗಳಿಗೂ ತಟ್ಟಿದೆ. ಇಲ್ಲಿ ಸೈಟು ಕೊಳ್ಳಲು ಬಂದವರು ನೀರು, ಕರೆಂಟು, ರಸ್ತೆ ಕೇಳುವ ಮೊದಲು ಸರ್ವೆ ನಂಬರು ಕೇಳುವುದು ಒಳ್ಳೆಯದು. 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ ಪ್ರಕಾರ ಮಂಡಳಿಗೆ ಜಮೀನು ಹಿಡಿಯಲು ರಾಜ್ಯ ಸರ್ಕಾರ ಮೊದಲು ಹೊರಡಿಸುವುದು ಕಲಂ 28(1)ರ ಪ್ರಾಥಮಿಕ ಅಧಿಸೂಚನೆ, ಆಮೇಲೆ 28(4)ರ ಅಂತಿಮ ಅಧಿಸೂಚನೆ. ಮೊದಲನೆಯದು ಬಿದ್ದ ಜಮೀನು ಬಾಂಡ್ ಪೇಪರಿನ ಮೇಲೆ ಎಷ್ಟು ಅಗ್ಗಕ್ಕೆ ಸಿಕ್ಕರೂ ದುಬಾರಿಯೇ. ಹಣ ಎಣಿಸುವ ಮುಂಚೆ ಹೊಸ ಪಹಣಿ ತೆಗೆಸಿ, 11ನೇ ಕಾಲಂನಲ್ಲಿ ಏನು ಬರೆದಿದೆ ಎಂದು ಓದಿಸಿಕೊಳ್ಳಿ.