ವೆಬ್‌ಸಾಕೆಟ್ಟಿನ ಹಸ್ತಲಾಘವ

ಕೋಲಾರದ ಚಿನ್ನದ ಗಣಿಗಳಿಗಾಗಿ ಬಂಗಾರಪೇಟೆಯಿಂದ ಮಾರಿಕುಪ್ಪದವರೆಗೆ ಹಾಕಿದ ರೈಲುದಾರಿಯು 1894ರಲ್ಲಿ ಸಂಚಾರಕ್ಕೆ ತೆರೆಯಿತು. ಕೋರಮಂಡಲ್ ಆ ದಾರಿಯ ಒಂದು ನಿಲ್ದಾಣ. ಅಲ್ಲಿ ಕಾದಿರುವ ಪ್ರಯಾಣಿಕನೊಬ್ಬನು, ಗಾಡಿಯು ಎಲ್ಲಿಗೆ ಬಂದಿತೆಂಬುದನ್ನು ತನ್ನ ಫೋನಿನ ಬ್ರೌಸರಿನಲ್ಲಿ ನೋಡಬಯಸುವನೆಂದು ಭಾವಿಸತಕ್ಕದ್ದು. ಎಚ್‌ಟಿಟಿಪಿ ಎಂಬ ಸಾಮಾನ್ಯ ಪದ್ಧತಿಯಲ್ಲಿ ಬ್ರೌಸರು ಕೇಳಿದರೆ ಮಾತ್ರ ಸರ್ವರು ಉತ್ತರ ಕೊಡುವುದು. ಆದಕಾರಣ ಗಾಡಿಯು ಮುಂದುವರಿದಂತೆಲ್ಲ ವಾರ್ತೆ ಬರಬೇಕಾದರೆ ಪ್ರಶ್ನೆಯನ್ನು ಮತ್ತೆ ಮತ್ತೆ ಕಳುಹಿಸಬೇಕಾಗುವುದು. ಈ ಕೊರತೆಯ ಪರಿಹಾರಾರ್ಥವಾಗಿ ಏರ್ಪಟ್ಟ, ಉಭಯ ಪಕ್ಷಗಳೂ ಬೇಕಾದಾಗ ಮಾತನಾಡಬಲ್ಲ ಪದ್ಧತಿಯೇ ವೆಬ್‌ಸಾಕೆಟ್. ಅದರ ನಿಯಮಗಳು 2011ರ ಡಿಸೆಂಬರಿನಲ್ಲಿ ಆರ್‌ಎಫ್‌ಸಿ 6455 ಎಂಬ ಹೆಸರಿನಿಂದ ಪ್ರಕಟವಾದುವು.

ಸಂಪರ್ಕವು ಏರ್ಪಡುವ ಕ್ರಮವು ಹೀಗಿರುವುದು. ಬ್ರೌಸರು ಮೊದಲು ಎಚ್‌ಟಿಟಿಪಿಯ ಭಾಷೆಯಲ್ಲಿಯೇ ಒಂದು ವಿಜ್ಞಾಪನೆಯನ್ನು ಕಳುಹಿಸಿ, ಮುಂದಿನ ಮಾತು ವೆಬ್‌ಸಾಕೆಟ್ಟಿನ ಭಾಷೆಯಲ್ಲಿ ನಡೆಯಲೆಂದು ಕೇಳುತ್ತದೆ. ಜೊತೆಗೆ 13 ಎಂಬ ಆವೃತ್ತಿಸಂಖ್ಯೆಯನ್ನೂ, ಯಾದೃಚ್ಛಿಕವಾಗಿ ಆರಿಸಿದ 16 ಬೈಟುಗಳನ್ನು 24 ಅಕ್ಷರಗಳಲ್ಲಿ ಬರೆದ ‘ಕೀಲಿ’ಯನ್ನೂ ಇಡುತ್ತದೆ. ಸರ್ವರು ಆ ಕೀಲಿಯ ಕೊನೆಗೆ, ನಿಯಮದಲ್ಲಿ ಗೊತ್ತುಮಾಡಿರುವ 36 ಅಕ್ಷರಗಳ ಮಾಲೆಯನ್ನು ಸೇರಿಸಿ, ಎಸ್‌ಎಚ್‌ಎ-1 ಎಂಬ ಗಣಿತಕ್ರಮದಿಂದ 20 ಬೈಟುಗಳ ಫಲವನ್ನು ಪಡೆದು, ಅದನ್ನು 28 ಅಕ್ಷರಗಳಲ್ಲಿ ಬರೆದು, 101 ಎಂಬ ಸಂಕೇತದೊಡನೆ ಹಿಂದಿರುಗಿಸುತ್ತದೆ. ಬ್ರೌಸರು ಅದೇ ಲೆಕ್ಕವನ್ನು ತಾನೂ ಮಾಡಿ ಹೋಲಿಸುವುದು. ಒಂದಕ್ಷರ ತಪ್ಪಿದರೂ ಸಂಪರ್ಕವು ಕಡಿದುಹೋಗುವುದು. ಸರಿಹೋದರೆ ಅದೇ ಸಂಪರ್ಕವು ತೆರೆದೇ ಉಳಿದು, ಮಾತು ಎರಡು ಕಡೆಯಿಂದಲೂ ಹರಿಯುವುದು.

ಬರಿಯ ‘ಆಗಲಿ’ ಎಂಬ ಉತ್ತರವು ಏಕೆ ಸಾಲದು? ವೆಬ್‌ಸಾಕೆಟ್ಟನ್ನರಿಯದ ಸರ್ವರಿನ ಉತ್ತರವನ್ನಾಗಲಿ, ನಡುವಣ ಯಂತ್ರವು ಕೂಡಿಟ್ಟಿದ್ದ ಹಳೆಯ ಉತ್ತರವನ್ನಾಗಲಿ ಒಪ್ಪಿಗೆಯೆಂದು ತಿಳಿಯುವ ಅಪಾಯವುಂಟು. ಕೀಲಿಯು ಪ್ರತಿಸಲವೂ ಹೊಸದಾದುದರಿಂದ ಹಳೆಯ ಉತ್ತರವು ಅದಕ್ಕೆ ಹೊಂದಲಾರದು.

ಆದರೆ ‘ಕೀಲಿ’ ಎಂಬ ಹೆಸರಿನಿಂದ ಇದು ರಹಸ್ಯರಕ್ಷಣೆಯ ಸಾಧನವೆಂಬ ಭ್ರಮೆ ಹುಟ್ಟಬಾರದು. ಇಲ್ಲಿ ರೈಲ್ವೆಯ ‘ಲೈನ್ ಕ್ಲಿಯರ್’ ಪದ್ಧತಿಯನ್ನು ಹೋಲಿಸಿ ನೋಡಬಹುದು. ಮುಂದಿನ ನಿಲ್ದಾಣದ ಒಪ್ಪಿಗೆಯಿಲ್ಲದೆ ಗಾಡಿಯನ್ನು ಬಿಡುವಂತಿಲ್ಲ. ಆ ಒಪ್ಪಿಗೆಯನ್ನು ಫೋನಿನಲ್ಲಿ ಕೊಡುವಾಗ ಸ್ಟೇಷನ್ ಮಾಸ್ತರರು ತಮ್ಮಲ್ಲಿರುವ ಗುಪ್ತಪಟ್ಟಿಯಿಂದ ‘ಪ್ರೈವೇಟ್ ನಂಬರ್’ ಒಂದನ್ನು ಹೇಳುವರು. ಆ ಅಂಕೆಯು ಹೇಳಿದವರು ಇಂಥವರೇ ಎಂಬುದಕ್ಕೆ ಸಾಕ್ಷಿ. ವೆಬ್‌ಸಾಕೆಟ್ಟಿನ 36 ಅಕ್ಷರಗಳಾದರೋ ಲೋಕವಿದಿತವಾದುವು. ಯಾರು ಬೇಕಾದರೂ ಆ ಲೆಕ್ಕವನ್ನು ಮಾಡಬಹುದು. ಆದುದರಿಂದ ಸರಿಯಾದ ಉತ್ತರವು ಭಾಷೆಯು ತಿಳಿದಿದೆಯೆಂಬುದಕ್ಕೆ ಮಾತ್ರ ಪ್ರಮಾಣವೇ ಹೊರತು, ಉತ್ತರಿಸಿದವನು ವಿಶ್ವಾಸಾರ್ಹನೆಂಬುದಕ್ಕೆ ಅಲ್ಲ. ಸರ್ವರಿನ ಗುರುತಿಗೂ ಮಾತಿನ ಗೋಪ್ಯತೆಗೂ ಟಿಎಲ್‌ಎಸ್ ಎಂಬ ಬೇರೆಯ ರಕ್ಷಣೆಯೇ ಆವಶ್ಯಕ.