ಜ್ವರ ಬಿಟ್ಟರೂ ಬಿಡದ ಸುಸ್ತು

"ಸಾಹೇಬ್ರ, ಟೈಫಾಯ್ಡ್ ಜ್ವರ ಬಿಟ್ಟು ಮೂರು ವಾರ ಆತ್ರಿ. ಹುಡುಗ ಸಾಲಿಯಿಂದ ಬಂದಾಂವ ಮಕ್ಕೊಂಡಬಿಡ್ತಾನ್ರಿ. ಒಂದು ಸಲಾಯಿನ್ ಬಾಟ್ಲಿ ಹಚ್ಚಿಬಿಡ್ರಿ."

ಇಳಕಲ್ಲಿನ ಮಗ್ಗದ ಮನೆಯ ತಾಯಿಯೊಬ್ಬರು ಒಂಬತ್ತು ವರ್ಷದ ಮಗನೊಡನೆ ಬಂದು ಹೇಳಿದ್ದು. ಕೈಯಲ್ಲಿ ಹೊಸದಾಗಿ ಮಾಡಿಸಿದ ವಿಡಾಲ್ ರಿಪೋರ್ಟು: ‘ಪಾಸಿಟಿವ್’.

ಇದಕ್ಕೆ ಗಾಬರಿ ಬೇಡ. ವಿಡಾಲ್ ಪರೀಕ್ಷೆ ತೋರಿಸುವುದು ರೋಗಾಣುವನ್ನಲ್ಲ, ಅದರ ವಿರುದ್ಧ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳನ್ನು. ಗುಣವಾದ ಮೇಲೂ ಅವು ತಿಂಗಳುಗಟ್ಟಲೆ ಉಳಿಯುತ್ತವೆ. ಜ್ವರವಿಲ್ಲದ ಮಗುವಿಗೆ ಬರೀ ಈ ಚೀಟಿ ನೋಡಿ ಮತ್ತೆ ಆಂಟಿಬಯೋಟಿಕ್ ಕೊಡಬಾರದು. ಇನ್ನು ಬಾಟಲಿ: ಅರ್ಧ ಲೀಟರ್ ಗ್ಲೂಕೋಸ್ ನೀರಿನಲ್ಲಿ (ಶೇ. 5) ಇರುವುದು 25 ಗ್ರಾಂ ಸಕ್ಕರೆ, ಅಷ್ಟೇ!

ವಿಚಾರಿಸಿದರೆ ಹುಡುಗನಿಗೆ ಇನ್ನೂ ಗಂಜಿ, ಬ್ರೆಡ್ಡಿನ ಪಥ್ಯವೇ ನಡೆದಿತ್ತು. ಸೊರಗಿದ ಮೈ ತುಂಬಿಕೊಳ್ಳುವುದಾದರೂ ಯಾವುದರಿಂದ? ಹಸಿವು ಮರಳಿದ ಮೇಲೆ ಮೆತ್ತಗಿನ ರೊಟ್ಟಿ, ಬೇಳೆ, ಹೆಸರುಕಾಳು, ಸೊಪ್ಪಿನ ಪಲ್ಯ, ಮೊಸರು, ತಿನ್ನುವವರಾದರೆ ತತ್ತಿ, ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ಕೊಡಿ. ಶಾಲೆಗೆ ಹೋಗಲಿ, ಕಬಡ್ಡಿ ಕೆಲ ದಿನ ಬೇಡ. ಟೈಫಾಯ್ಡ್ ನಂತರದ ಸುಸ್ತು ಕೆಲವು ವಾರ ಇರಬಹುದು. ಆದರೆ ವಾರದಿಂದ ವಾರಕ್ಕೆ ಕಡಿಮೆಯಾಗುತ್ತಿರಬೇಕು.

ಆಗದಿದ್ದರೆ ಹಿಮೋಗ್ಲೋಬಿನ್ ನೋಡಿಸಿ. 5ರಿಂದ 11 ವರ್ಷದವರಲ್ಲಿ 11.5 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಜ್ವರ ಮರುಕಳಿಸಿದರೆ, ತೂಕ ಇಳಿದರೆ, ಕೆಮ್ಮು ಎರಡು ವಾರ ದಾಟಿದರೆ, ಕಣ್ಣು ಹಳದಿಯಾದರೆ ವೈದ್ಯರಿಗೆ ತೋರಿಸಿ. ಹೊಟ್ಟೆನೋವು ಜೋರಾದರೆ, ಮಲ ಡಾಂಬರಿನಂತೆ ಕಪ್ಪಾದರೆ ಆ ಕ್ಷಣವೇ ಆಸ್ಪತ್ರೆಗೆ ಒಯ್ಯಿರಿ.

ಆ ಹುಡುಗನ ಹಿಮೋಗ್ಲೋಬಿನ್ 9 ಗ್ರಾಂ ಇತ್ತು. ಬಾಟಲಿ ಹಚ್ಚಲಿಲ್ಲ. ಕಬ್ಬಿಣಾಂಶದ ಔಷಧ ಬರೆದು, ಪಥ್ಯ ಬಿಡಿಸಿ, ತಿಂಗಳು ಬಿಟ್ಟು ಬರಹೇಳಿದೆ.