ನಾಯಿ-ಬೆಕ್ಕು ಪದೇ ಪದೇ ವಾಂತಿ ಮಾಡಿದರೆ



ತೋಟ ಕಾಯುವ ನಾಯಿ, ಭತ್ತದ ಇಲಿ ಹಿಡಿಯುವ ಬೆಕ್ಕು ನಮ್ಮ ಕೃಷಿ ಕುಟುಂಬಗಳ ನಂಬಿಗಸ್ತ ಸೇವಕರು. ವ್ಯಾಧಿಗೊಳಗಾದ ಸಂತ ರೋಕರಿಗೆ ರೊಟ್ಟಿ ತಂದುಕೊಟ್ಟದ್ದು ನಾಯಿಯೇ ಎಂಬ ಐತಿಹ್ಯವನ್ನು ನೀವೆಲ್ಲ ಕೇಳಿದ್ದೀರಿ.

ನಾಯಿ ಹುಲ್ಲು ತಿಂದು ಕಕ್ಕುವುದು, ಬೆಕ್ಕು ಅಪರೂಪಕ್ಕೆ ಕೂದಲುಂಡೆ ಕಕ್ಕುವುದು ಹೆದರಬೇಕಾದ ವಿಷಯವಲ್ಲ. ಆದರೆ ವಾಂತಿ ಬಿಟ್ಟು ಬಿಟ್ಟು ಮೂರು ವಾರ ಮುಂದುವರಿದರೆ ಒಳಗೆ ಏನೋ ಕೆಟ್ಟಿದೆ ಎಂದರ್ಥ. ವಾಂತಿಯು ರೋಗವಲ್ಲ, ರೋಗದ ಲಕ್ಷಣ.

ಮೊದಲು ಗಮನಿಸಿ. ಹೊಟ್ಟೆ ಹಿಂಡಿಕೊಂಡು ಕಕ್ಕಿದರೆ ಅದು ವಾಂತಿ. ಶ್ರಮವಿಲ್ಲದೆ ತಿಂದದ್ದು ಹಾಗೆಯೇ ಹೊರಬಿದ್ದರೆ ದೋಷ ಅನ್ನನಾಳದಲ್ಲಿರಬಹುದು. ಎಷ್ಟು ಸಲ, ಊಟವಾಗಿ ಎಷ್ಟು ಹೊತ್ತಿಗೆ, ಯಾವ ಬಣ್ಣ ಎಂದು ಬರೆದಿಟ್ಟು ಪಶುವೈದ್ಯರಿಗೆ ತಿಳಿಸಿರಿ.

ಕಾರಣಗಳು ಹಲವು: ಜಂತುಹುಳು, ಒಗ್ಗದ ಆಹಾರ, ಕರುಳಿನ ಉರಿಯೂತ, ಹೊಟ್ಟೆಯಲ್ಲಿ ಸಿಕ್ಕಿಕೊಂಡ ಮೂಳೆ ಅಥವಾ ಬಟ್ಟೆ, ಲಿವರ್ ರೋಗ, ವಯಸ್ಸಾದ ಬೆಕ್ಕುಗಳಲ್ಲಿ ಮೂತ್ರಪಿಂಡದ ರೋಗ. ಹಬ್ಬದ ಸೊರ್ಪೊತೆಲ್‌ನ ಹಂದಿ ಕೊಬ್ಬು ತಿಂದ ನಾಯಿಗೆ ಮೇದೋಜೀರಕ ಗ್ರಂಥಿ ಊದಿಕೊಳ್ಳುವುದುಂಟು. ಆದುದರಿಂದ ವೈದ್ಯರು ಮಲ, ರಕ್ತ, ಮೂತ್ರ ಪರೀಕ್ಷಿಸಿ, ಬೇಕಾದರೆ ಎಕ್ಸ್-ರೇ, ಸ್ಕ್ಯಾನಿಂಗ್ ಮಾಡಿಸುತ್ತಾರೆ.

ಚಿಕಿತ್ಸೆ ಕಾರಣಕ್ಕೆ ತಕ್ಕಂತೆ. ಜಂತು ಇದ್ದರೆ ತೂಕ ನೋಡಿ ಔಷಧಿ. ಆಹಾರವೇ ಕಾರಣವೆಂದು ಕಂಡರೆ ಎರಡು-ಮೂರು ವಾರ ವೈದ್ಯರು ಹೇಳಿದ ಪಥ್ಯ ಮಾತ್ರ. ನಡುವೆ ಒಂದು ತುಂಡು ಮೀನು ಕೊಟ್ಟರೂ ಪರೀಕ್ಷೆ ಕೆಟ್ಟಂತೆ. ಉಪ್ಪು, ಮಸಾಲೆ, ಈರುಳ್ಳಿ ಇಲ್ಲದ ಆಹಾರವನ್ನು ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪವೇ ಕೊಡಿರಿ.

ನಿಮ್ಮ ಮಾತ್ರೆಗಳನ್ನು ಕೊಡಬೇಡಿ. ಪ್ಯಾರಾಸಿಟಮಾಲ್‌ನ ಒಂದು ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ಬೆಕ್ಕು ಒಂದು ದಿನ ಏನೂ ತಿನ್ನದಿದ್ದರೆ ಕಾಯಬೇಡಿ. ಉಪವಾಸದಿಂದ ಅದರ ಲಿವರ್ ಕೆಡುತ್ತದೆ. ವಾಂತಿಯಲ್ಲಿ ರಕ್ತ, ಹೊಟ್ಟೆಯುಬ್ಬರ, ನೀರೂ ನಿಲ್ಲದಿರುವುದು, ಇಲಿಪಾಷಾಣ ತಿಂದ ಸಂಶಯ ಇದ್ದರೆ ಕೂಡಲೇ ಪಶುವೈದ್ಯರ ಬಳಿಗೆ ಒಯ್ಯಿರಿ.

ಕೊನೆಯದಾಗಿ ಒಂದು ಎಚ್ಚರಿಕೆ. ನಾಯಿ ನುಂಗಲಾರದೆ, ಜೊಲ್ಲು ಸುರಿಸುತ್ತ, ಗಂಟಲಲ್ಲಿ ಮೂಳೆ ಸಿಕ್ಕಂತೆ ಓಕರಿಸಿದರೆ ಬಾಯಿಗೆ ಕೈ ಹಾಕಬೇಡಿ. ಅದು ಹುಚ್ಚುನಾಯಿ ರೋಗವಿರಬಹುದು. ಜೊಲ್ಲು ಗಾಯಕ್ಕೆ ತಾಗಿದರೆ ಸೋಪು ಹಚ್ಚಿ ಹದಿನೈದು ನಿಮಿಷ ನೀರಿನಲ್ಲಿ ತೊಳೆದು, ಅಂದೇ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಗೋವಾದಲ್ಲಿ ಮಿಷನ್ ರೇಬೀಸ್ ಸಂಸ್ಥೆ ಸರ್ಕಾರದೊಡನೆ ಸೇರಿ ನಡೆಸಿದ ಲಸಿಕೆ ಕಾರ್ಯದಿಂದ ಈ ರೋಗ ಬಹಳ ತಗ್ಗಿದೆ, ಆದರೆ ಅಳಿದಿಲ್ಲ. ನಿಮ್ಮ ನಾಯಿ-ಬೆಕ್ಕಿಗೆ ವರ್ಷದ ಲಸಿಕೆ ತಪ್ಪಿಸಬೇಡಿರಿ.

ಮೂಕಪ್ರಾಣಿ ತನ್ನ ನೋವನ್ನು ಹೇಳಲಾರದು. ಅದನ್ನು ಗಮನಿಸುವ ಹೊಣೆಯನ್ನು ದೇವರು ನಮಗೆ ವಹಿಸಿದ್ದಾರೆ.